ಗಾಳಿಗೆ ಅಡ್ಡ ಇಟ್ಟ ಅರಿವಿ

ಒಲೆಯ ಮೇಲೆ ಅಜವಾನ ಹುರಿದಾಗೆಲ್ಲ ನನಗೆ ಇಂದಿಗೂ ಒಂದು ಕಾರು ನೆನಪಾಗುತ್ತದೆ.

ಅವ್ವ ಆಗ ಹಸಿ ಬಾಣಂತಿ. ಶಹಾಬಾದಿನ ದವಾಖಾನೆಯಿಂದ ಅವಳನ್ನೂ ಎಳೆಗೂಸನ್ನೂ ಸೇಡಮ್ಮಿಗೆ ಕರೆತರಲು ಅಪ್ಪ ದುಡಿಯುತ್ತಿದ್ದ ಫರ್ಸಿ ಕಲ್ಲಿನ ಖಣಿಯ ಸಾಹುಕಾರರು ತಮ್ಮ ಕಾರು ಕಳಿಸಿದ್ದರು. ಮೈ ಕೊರೆಯುವ ಥಂಡಿಯ ಮುಂಜಾನೆ. ಕಾರಿನಲ್ಲಿ ಬಿಸಿಗಾಳಿ ಊದುವ ಪೆಟ್ಟಿಗೆ ಇದೆಯೆಂದು ಕೇಳಿ, ನೋಡುವ ಆಸೆಗೆ ನಾನು ಮುಂದಿನ ಸೀಟು ಹಿಡಿದಿದ್ದೆ. ರಾವೂರ ದಾಟಿದರೂ ಅದರಿಂದ ಬಂದದ್ದು ಕೂಸಿನ ಉಸಿರಿನಷ್ಟು ಗಾಳಿ. ಹಿಂದೆ ಆಯಿಯ, ಅಂದರೆ ತನ್ನ ತಾಯಿಯ, ಪಕ್ಕದಲ್ಲಿ ಅವ್ವ ಕೂಸಿನ ತಣ್ಣನೆಯ ಪಾದ ತಿಕ್ಕುತ್ತಿದ್ದಳು.

ಡ್ರೈವರ್ ಚಾಚಾ ಕಾರು ನಿಲ್ಲಿಸಿ ಕಿವಿಗೊಟ್ಟರು, ಬಾನೆಟ್ ಎತ್ತಿ ಪೈಪು ಮುಟ್ಟಿ ನೋಡಿದರು. "ಪಂಖಾ ತಿರಗಲಿಕತ್ತದ. ನೀರಿನ ಪೈಪೂ ಬಿಸಿ ಅದ. ಗಾಳಿ ಎಲ್ಲಿ ಹೋಯ್ತು?"

ನಾನು ಪೆಟ್ಟಿಗೆಯ ಬಾಯಿಗೆ ಮೂಗಿಟ್ಟೆ. "ಚಾಚಾ, ಅಜವಾನದ ವಾಸನಿ ಬರಲಿಕತ್ತದ!"

ಚಾಚಾ ಒಳಗೆ ಬೆರಳು ಹಾಕಿ ಎಳೆದರು. ಬಂದದ್ದು ಅಜವಾನದ ಹೊಗೆ ಕೊಟ್ಟ ಅರಿವಿ, ಹಳೆ ಸೀರೆಯ ತುಂಡು. ಗಾಳಿ ಹೊಗದಂತೆ ಅವ್ವನ ಕಿವಿಗೆ ಕಟ್ಟಲು ಆಯಿ ಅದನ್ನು ತಂದಿದ್ದಳು.

"ಕಾರು ಹೊರಡೂ ಮುಂಚೆ ನಾನೇ ತುರುಕೀನಿ," ಹಿಂದಿನಿಂದ ಆಯಿ ಗದರಿದಳು. "ಬಿಸಿ ಇರಲಿ, ಥಂಡಿ ಇರಲಿ, ಗಾಳಿ ಗಾಳೀನೇ. ನನ್ನ ಹಿರೀ ಮಗಳಿಗಿ ಬಾಣಂತನದಾಗ ಗಾಳಿ ಹೊಕ್ಕೇ ಆಕಿ ತೀರಿಕೊಂಡಳು." ಆಯಿ ಸೆರಗೆಳೆದು ಅವ್ವನ ಕಿವಿ ಮುಚ್ಚಿದಳು.

ಚಾಚಾ ನಗಲಿಲ್ಲ. "ಕೈ ಇಟ್ಟು ನೋಡ್ರಿ, ಅಮ್ಮಾ."

ಆಯಿ ಮುಂದಕ್ಕೆ ಬಾಗಿ ಅಂಗೈ ಒಡ್ಡಿದಳು. ಬೆಚ್ಚಗಾದ ಅಂಗೈಯನ್ನು ಕೂಸಿನ ಪಾದಕ್ಕೆ ಒತ್ತಿದಳು. ಆಮೇಲೆ ನನ್ನನ್ನು ಹಿಂದೆ ಕಳಿಸಿ, ಕೂಸನ್ನು ಮಡಿಲಿಗೆ ಹಾಕಿಕೊಂಡು ತಾನೇ ಮುಂದೆ ಕುಳಿತಳು. ಆ ಅರಿವಿಯನ್ನು ಮಾತ್ರ ಸೇಡಂ ಬರುವವರೆಗೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ಇದ್ದಳು.