ಅಜ್ಜಿ ಚಪ್ಪಲಿ ಬಿಟ್ಟು ಹತ್ತಿದ ದೋಣಿ

ಇಂಗ್ಲೆಂಡಿನ ಹಳೆಯ ಕಾಲುವೆಯೊಂದರಲ್ಲಿ, ದಡದಲ್ಲಿ ನಡೆಯುವವರಿಗಿಂತಲೂ ನಿಧಾನವಾಗಿ ಸಾಗುವ ಉದ್ದನೆಯ ದೋಣಿಯಲ್ಲಿ ಬರಿಗಾಲಲ್ಲಿ ಕೂತಿದ್ದೇನೆ. ನೀರಿನ ಮೇಲಿನ ಡೀಸೆಲ್ ವಾಸನೆಗೆ ಮಲೇಷ್ಯಾದ ಮೆಲಾಕಾ ಊರಿನ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ಆಗ ನನಗೆ ಒಂಬತ್ತು ವರ್ಷ. ಅಪ್ಪ ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಕುಂದಾಪುರದಿಂದ ಮೊದಲ ಸಲ ಬಂದಿದ್ದ ಅಜ್ಜಿಯನ್ನು ನಾವು ನದಿಯ ದೋಣಿ ಸುತ್ತಾಟಕ್ಕೆ ಕರೆದೊಯ್ದೆವು. ಆ ಹೊತ್ತಿಗೆ ತೀರಿಹೋಗಿದ್ದ ಅಜ್ಜ, ಊರಿನ ಹೊಳೆಯಲ್ಲಿ ಜನರನ್ನು ದಾಟಿಸುವ ದೋಣಿ ನಡೆಸಿದವರು.

ಹತ್ತುವ ಮುನ್ನ ಅಜ್ಜಿ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟರು. ಬಗ್ಗಿ ದೋಣಿಯ ಅಂಚು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡರು. ಹಿಂದೆ ಪ್ರವಾಸಿಗರ ಸಾಲು ಕಾಯುತ್ತಿತ್ತು.

“ಅಜ್ಜಿ, ನೋ ನೀಡ್ ಲಾ! ಎವ್ರಿವನ್ ಈಸ್ ಲುಕಿಂಗ್,” ಎಂದೆ ನಾನು, ಅಲ್ಲಿಯ ಶಾಲೆಯ ಮಕ್ಕಳ ಇಂಗ್ಲಿಷಿನಲ್ಲಿ.

“ಚಪ್ಲಿ ಹಾಯ್ಕಂಡ್ ದೋಣಿ ಹತ್ತೂಕಾಗ ಮಗಾ. ನಿನ್ನಜ್ಜ ಕಂಡ್ರೆ ಬೈತ್ರ್,” ಎಂದರು ಅಜ್ಜಿ, ಅಜ್ಜ ಅಲ್ಲೇ ಎಲ್ಲೋ ನಿಂತಿದ್ದಾರೆ ಎಂಬಂತೆ.

ಎರಡೂ ದಡದಲ್ಲಿ ಬಣ್ಣ ಬಳಿದ ಹಳೆಯ ಮನೆಗಳು ಸರಿದು ಹೋಗುತ್ತಿದ್ದವು. ಅಪ್ಪ ಬೆರಳು ಮಾಡಿ ತೋರಿಸಿದರೂ ಅಜ್ಜಿ ಅತ್ತ ತಿರುಗಲಿಲ್ಲ. ದೋಣಿ ನಡೆಸುವವನ ಬೆನ್ನನ್ನೇ ನೋಡುತ್ತ, ಇಂಜಿನ್ನಿಗೆ ನಡುಗುವ ನೆಲಕ್ಕೆ ಒಡಕು ಬಿದ್ದ ಅಂಗಾಲುಗಳನ್ನು ಒತ್ತಿ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ನನ್ನ ಮೊಣಕಾಲು ತಟ್ಟಿ ಮೆಲ್ಲಗೆ ಹೇಳಿದರು:

“ನೀನೂ ಬಿಚ್ಚ್ ಕಾಂಬ. ಕಾಲಿಗೆ ಹೊಳಿ ಗೊತ್ತಾತ್ತ್.”

ಅವರು ಹೇಳಿದ್ದು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ನಾನು ಬಗ್ಗಿ, ಶೂಗಳ ಲೇಸನ್ನು ಇನ್ನಷ್ಟು ಬಿಗಿದುಕೊಂಡೆ.