ಅವರು ಬರುವುದರೊಳಗೆ

“ಸದ್ದಾದರೂ ಪರವಾಗಿಲ್ಲ, ಬೇಗ ಬಿಚ್ಚಿ. ಅವರು ಬರೋದ್ರೊಳಗೆ ಈ ಕೋಣೆ ಖಾಲಿಯಾಗ್ಬೇಕು,” ಎಂದಳು ಆ ಹೆಂಗಸು.

ಸ್ಪ್ಯಾನರ್ ಕೈಗೆತ್ತಿಕೊಂಡ ಫಿಟ್ಟರ್ ಹಾಗೇ ನಿಂತ. ಮಂಚ, ಬೀರು, ಮೇಜು ಬಿಚ್ಚಿ ಇನ್ನೊಂದು ಫ್ಲಾಟಿನಲ್ಲಿ ಜೋಡಿಸಬೇಕು ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು. ಈ ಕೆಲಸದಲ್ಲೇ ಅವನ ತಲೆ ನರೆತಿತ್ತು. ಗಂಡ ಹೊರಗೆ ಹೋದಾಗ ಮನೆ ಖಾಲಿ ಮಾಡಿಸುವ ಹೆಂಡತಿಯರನ್ನು ಕಂಡಿದ್ದ. ಅರ್ಧ ಬಿಚ್ಚಿದ ಸೋಫಾದ ಮುಂದೆ ಒಬ್ಬ ಗಂಡನ ಕೈಯಲ್ಲಿ ಏಟನ್ನೂ ತಿಂದಿದ್ದ.

“ಅವರಿಗೆ ಹೇಳಿದ್ದೀರಾ ಅಮ್ಮ?”

“ಗೊತ್ತಾಗಬಾರದು ಅಂತಾನೇ ನಿಮ್ಮನ್ನ ಕರೆಸಿದ್ದು.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವಳು ಮಲಗುವ ಮಂಚವನ್ನೇ ಬಿಚ್ಚಿಸುತ್ತಿದ್ದಾಳಲ್ಲ! ನನಗೇಕೆ ಊರ ಉಸಾಬರಿ ಎಂದುಕೊಂಡು ಅವನು ಬೋಲ್ಟಿಗೆ ಕೈ ಹಾಕಿದ.

ಹಳೆಯ ಕಟ್ಟಡ. ಮೆಟ್ಟಿಲು ಇಕ್ಕಟ್ಟು, ಬೀರು ಇಡಿಯಾಗಿ ಇಳಿಯುವ ಮಾತೇ ಇಲ್ಲ. ಒಂದೊಂದೇ ಹಲಗೆ ಹೊತ್ತು ಇಳಿಸಿದ. ಕೆಳಗಿನ ಮನೆಗಳಿಗೆಲ್ಲ ಬೀಗ. ಏನು ಎತ್ತ ಎಂದು ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಒಳ್ಳೆಯದೇ ಆಯಿತು, ನಾಳೆ ಸಾಕ್ಷಿ ಹೇಳುವವರಿಲ್ಲ ಎಂದುಕೊಂಡ.

ಅವಳ ಕಣ್ಣು ಒದ್ದೆಯಾಗಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಕಿಟಕಿಯ ಪರದೆ, ಗೋಡೆ ಗಡಿಯಾರ, ಹತ್ತಿ ಗಂಟುಗಟ್ಟಿದ ದಿಂಬು, ಕೊನೆಗೆ ಗಂಡನ ಸವೆದ ಚಪ್ಪಲಿಯನ್ನೂ ಚೀಲಕ್ಕೆ ತುಂಬಿದಳು. ಫಿಟ್ಟರ್‌ಗೆ ಆ ಕಾಣದ ಗಂಡಸಿನ ಮೇಲೆ ಕನಿಕರ ಹುಟ್ಟಿತು. ಸಿಟ್ಟಿದ್ದರೂ ಇಷ್ಟೊಂದೇ? ಮನೆಗೆ ಬಂದರೆ ಕಾಲಿಗೆ ಮೆಟ್ಟಿಕೊಳ್ಳಲೂ ಏನೂ ಉಳಿಯುವುದಿಲ್ಲ.

ವ್ಯಾನಿನಲ್ಲಿ ಅವಳ ಫೋನ್ ಬಡಿದುಕೊಂಡಿತು.

“ಇಲ್ಲ ಕಣೋ ತಮ್ಮಾ, ಇನ್ನೂ ಆಗಿಲ್ಲ. ಏನಾದ್ರೂ ನೆಪ ಹೇಳಿ ಭಾವನ್ನ ಅಲ್ಲೇ ಕೂರಿಸ್ಕೊಂಡಿರು. ಇವತ್ತು ತಪ್ಪಿದ್ರೆ ನಾನು ಕೆಟ್ಟೆ.”

ಫಿಟ್ಟರ್‌ಗೆ ತಡೆಯಲಾಗಲಿಲ್ಲ. “ಹೊಡೀತಾರಾ ಅಮ್ಮ?”

“ಅಯ್ಯೋ! ಒಂದು ದಿನಾನೂ ಕೈ ಎತ್ತಿದವರಲ್ಲ.”

“ಮತ್ತೆ?”

ಅವಳು ರಸ್ತೆ ನೋಡುತ್ತಾ ಹೇಳಿದಳು. “ಪಕ್ಕದಲ್ಲೇ ಕೂತಿರ್ತಾರೆ, ಆದ್ರೆ ನನ್ನ ಜೊತೆ ಇರಲ್ಲ. ಅದನ್ನ ಸಹಿಸೋಕಾಗಲ್ಲ ಕಣಪ್ಪಾ. ಅವರು ನನ್ನವರಾಗಿ ಉಳಿಯೋಕೆ ಬೇರೆ ದಾರಿ ಇದ್ದಿದ್ರೆ ನಾನೀ ಕಳ್ಳಾಟ ಆಡ್ತಿರ್ಲಿಲ್ಲ.”

ಓಹೋ, ಇನ್ನೊಬ್ಬಳಿದ್ದಾಳೆ. ಕನಿಕರ ಥಟ್ಟನೆ ಈ ಕಡೆಗೆ ತಿರುಗಿತು. ಚಪ್ಪಲಿಯೊಂದೇ ಏಕೆ, ಅವನ ಅಂಗಿಯನ್ನೂ ಬಿಡಬಾರದಿತ್ತು ಎನ್ನಿಸಿತು.

ಹೊಸ ಕಟ್ಟಡದಲ್ಲಿ ಲಿಫ್ಟ್ ಇತ್ತು, ಹೊಳೆಯುವ ನೆಲವಿತ್ತು, ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅವಳು ಗಂಟು ಹಾಕಿದ ದಾರ ಹಿಡಿದು ಮಂಚದ ಜಾಗ ಅಳೆದಳು. “ಇನ್ನೂ ಚೂರು ಕಿಟಕಿ ಕಡೆ. ಅಷ್ಟಲ್ಲ, ಈಚೆ.” ಎರಡು ಸಲ ಎತ್ತಿಸಿ ಇಡಿಸಿದಳು. ಹೊಸ ಬಾಳು ಕಟ್ಟುವವಳ ಗಡಿಬಿಡಿ ಎಂದು ಅವನು ಸಹಿಸಿಕೊಂಡ.

ಕೊನೆಗೆ ಉಳಿದದ್ದು ಬೀರು. ಅದರ ಬಾಗಿಲು ಒಂದು ಮಗ್ಗುಲಿಗೆ ಜಗ್ಗಿತ್ತು. ಹಿಡಿಯನ್ನು ಮೇಲೆತ್ತಿ ಮೊಣಕಾಲಿನಿಂದ ಗುದ್ದಿದರೆ ಮಾತ್ರ ತೆರೆಯುತ್ತಿತ್ತು.

“ಅದನ್ನ ಸರಿ ಮಾಡಬೇಡಿ. ಹೇಗಿತ್ತೋ ಹಾಗೇ ಇರ್ಲಿ,” ಎಂದಳು.

“ನಾನು ಜೋಡಿಸಿದ್ದು ಹೀಗಿದ್ರೆ ನೋಡಿದವರು ಏನಂತಾರೆ ಅಮ್ಮ?”

“ನೋಡೋರು ಒಬ್ಬರೇ,” ಎಂದವಳು ಫೋನ್ ಬಂತೆಂದು ಕೆಳಗೆ ಓಡಿದಳು.

ಹುಟ್ಟುಗುಣ ಸುಟ್ಟರೂ ಹೋಗದು. ಜಗ್ಗಿದ ಬಾಗಿಲು ಕಣ್ಣಮುಂದೆ ಇದ್ದರೆ ಫಿಟ್ಟರ್ ಆದವನ ಕೈ ಸುಮ್ಮನಿದ್ದೀತೇ? ಕೂಲಿ ಹೆಚ್ಚು ಸಿಗುತ್ತದೆಂದಲ್ಲ. ಇಷ್ಟು ನೊಂದ ಹೆಣ್ಣು ದಿನಾ ಬೀರಿನೊಂದಿಗೂ ಗುದ್ದಾಡಬೇಕೇ ಎಂದು. ಕೀಲಿನಡಿ ಒಂದು ಚಕ್ಕೆ ಕೊಟ್ಟು ಸ್ಕ್ರೂ ಬಿಗಿದ. ಬೆರಳಲ್ಲಿ ಮುಟ್ಟಿದರೆ ಸಾಕು, ಬಾಗಿಲು ತಾನಾಗಿ ತೆರೆಯಿತು. ಅವನಿಗೆ ಬಹಳ ಸಮಾಧಾನವಾಯಿತು.

ಹೊರಗೆ ಗಂಡಸಿನ ದನಿ ಕೇಳಿತು.

ಸಿಕ್ಕಿಬಿದ್ದಳು! ಫಿಟ್ಟರ್ ಸ್ಪ್ಯಾನರ್ ಬಿಗಿಹಿಡಿದು ಬಾಗಿಲ ಕಡೆ ತಿರುಗಿದ. ಈ ಸಲ ಏಟು ತಿನ್ನುವವನು ತಾನಲ್ಲ.

ಒಳಗೆ ಬಂದವನು ತೆಳ್ಳನೆಯ ಮನುಷ್ಯ. ಅವಳ ತಮ್ಮ ಅವನ ತೋಳು ಹಿಡಿದಿದ್ದ, ಅವಳು ಉಸಿರು ಬಿಗಿಹಿಡಿದು ಹಿಂದೆ ನಿಂತಿದ್ದಳು. ಆತ ಗಡಿಯಾರ ನೋಡಿದ, ಪರದೆ ನೋಡಿದ. ತನ್ನ ಸವೆದ ಚಪ್ಪಲಿ ಮೆಟ್ಟಿಕೊಂಡು ಮಂಚದ ಮೇಲೆ ಕೂತ.

“ಅಬ್ಬಾ, ಮನೆಗೆ ಬಂದ್ವಿ. ಏನೇ, ಒಂದು ಲೋಟ ನೀರು ಕೊಡೇ.”

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ಅತ್ತುಬಿಟ್ಟಳು.

“ಗುರುತು ಹಿಡಿದ್ರು ಅಕ್ಕಾ!” ತಮ್ಮ ಪಿಸುಗುಟ್ಟಿದ. “ಆ ಕಟ್ಟಡ ಕೆಡವ್ತಿರೋದು ಭಾವನಿಗೆ ತಿಳೀಲೇ ಇಲ್ಲ. ಆ ಹಳೇ ಕೋಣೆಲಿ ಮಾತ್ರ ನಿನ್ನ ನೆನಪಿರ್ತಿತ್ತು, ಇನ್ನು ಈ ಕೋಣೆಲೂ ನೀನು ಯಾರು ಅಂತ ಮರೆಯಲ್ಲ ಬಿಡು.”

ಫಿಟ್ಟರ್‌ನ ಕೈಯಿಂದ ಸ್ಪ್ಯಾನರ್ ಮೆಲ್ಲಗೆ ಕೆಳಗಿಳಿಯಿತು. ಅವನು ಕಣ್ಣೆತ್ತುವಷ್ಟರಲ್ಲಿ ಆತ ಎದ್ದು ಟವೆಲ್ಲಿಗೆಂದು ಬೀರಿನ ಬಳಿ ಹೋಗಿದ್ದ. ಹಿಡಿಯನ್ನು ಮೇಲೆತ್ತಿ, ಮೊಣಕಾಲಿನಿಂದ ಗುದ್ದಿ ಎಳೆದ. ಬಾಗಿಲು ರಪ್ಪನೆ ತೆರೆದು, ಆತ ಮುಗ್ಗರಿಸಿ ಗೋಡೆ ಹಿಡಿದುಕೊಂಡ. ಬಾಗಿಲನ್ನು ಮುಚ್ಚಿ ನೋಡಿದ, ಮತ್ತೆ ತೆರೆದ. ಮುಖ ಕಪ್ಪಿಟ್ಟಿತು. ನೀರಿನ ಲೋಟ ಹಿಡಿದು ನಿಂತಿದ್ದ ಹೆಂಡತಿಯ ಕಡೆ ತಿರುಗಿ ಆತ ಕೈ ಮುಗಿದ.

“ತಾಯೀ, ಇದು ನಮ್ಮನೆ ಅಲ್ಲ. ನನ್ನನ್ನ ಮನೆಗೆ ಕಳಿಸ್ಕೊಡಿ, ನನ್ನ ಹೆಂಡತಿ ಕಾಯ್ತಾ ಇರ್ತಾಳೆ.”