ಬಿಸಿಲಿಗಿಟ್ಟ ಸೆಲ್ಲು

ಸೋತ ಸೆಲ್ಲನ್ನು ಬಿಸಿಲಿಗಿಟ್ಟರೆ ಮತ್ತೆ ಜೀವ ಬರುತ್ತದೆಂದು ಅವ್ವ ನಂಬಿದ್ದಳು. ಮೊನ್ನೆ ರಿಮೋಟಿನ ಸೆಲ್ಲುಗಳನ್ನು ಕಿಟಕಿಯಲ್ಲಿಡುವಾಗ ಸಂತೇಬೆನ್ನೂರಿನ ನಮ್ಮ ಅಂಗಳ ಜೀರಿಗೆ ವಾಸನೆಯ ಸಮೇತ ನೆನಪಾಯಿತು.

ಅವ್ವ ಹಳೇ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದಳು. ನಾನು ಕೋಲು ಹಿಡಿದು ಕಾಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ರೇಡಿಯೊದಲ್ಲಿ ಯಾವುದೋ ದೇಶದ ಹೆಂಗಸು ದೊಡ್ಡ ವಾದ್ಯಮೇಳದ ನಡುವೆ ಗಂಟಲೆತ್ತಿ ಹಾಡುತ್ತಿದ್ದಳು.

"ಹೆಣದ ಮುಂದೆ ಅತ್ತಂಗೈತೆ. ಮನೆಗೆ ಒಳ್ಳೇದಲ್ಲ" ಎನ್ನುತ್ತ ಅಜ್ಜ ಜಗುಲಿಯಿಂದ ಇಳಿದು ಬಂದು, ರೇಡಿಯೊದ ಸೆಲ್ಲು ಬಿಚ್ಚಿ ತನ್ನ ಟಾರ್ಚಿಗೆ ಹಾಕಿಕೊಂಡು ಮತ್ತೆ ಜಗುಲಿಗೆ ಹೋಗಿ ಕೂತ.

ಅವ್ವ ಹಿಟ್ಟಿನ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಜಗುಲಿಗೆ ಹೋಗಿ, ಅವನ ಎದುರಿಗೇ ಟಾರ್ಚಿನ ತಿರುಪು ಬಿಚ್ಚಿ ಸೆಲ್ಲು ತೆಗೆದಳು.

"ಹಗಲೊತ್ತು ಬ್ಯಾಟ್ರಿ ಯಾಕ್ರಿ ಮಾವ? ಸೂರ್ಯ ಅದಾನಲ್ಲ."

"ಆಕೆ ಹಾಡೋದು ನಿಂಗೆ ತಿಳೀತೈತೇನು?"

"ಇಲ್ರೀ. ಆಕೆಗೆ ಬಾಯಿ ಮುಚ್ಚು ಅಂತ ಯಾರೂ ಹೇಳಿಲ್ಲ ಅನ್ನೋದು ತಿಳೀತೈತೆ."

ಅವ್ವ ಸೆಲ್ಲನ್ನು ಮತ್ತೆ ರೇಡಿಯೊಗೆ ಹಾಕಿ ಗುಂಡಿ ತಿರುಗಿಸಿದಳು. ಅದು ಮೊದಲಿಗಿಂತ ಜೋರಾಗಿ ಹಾಡಿತು. ಅಜ್ಜ ಎದ್ದು ಒಳಗೆ ಹೋದ. ಹಾಡು ಮುಗಿಯುವ ಹೊತ್ತಿಗೆ ದನಿ ಸಣ್ಣಗಾಗಿತ್ತು. ಅವ್ವ ಸೆಲ್ಲು ತೆಗೆದು, ಅಜ್ಜನಿಗೆ ಕೊಡದೆ, ಸಂಡಿಗೆಯ ಪಕ್ಕ ಬಿಸಿಲಿಗಿಟ್ಟಳು.

"ಇವನ್ನೂ ಕಾಯಿ" ಎಂದಳು ನನಗೆ. "ನಾಳೆನೂ ಹಾಡ್ಬೇಕು ಆಕೆ."